ಬಾಗಿಲು ಕಳಚಿಟ್ಟ ಕುಲಪತಿ

ಜೂನ್ ೧೪

ಮೆಣಸಿಗೆ,

ಕುಲಪತಿಗಳಿಗೆ ಹೀಗೆ ಬರೆಯಬಾರದು, ಗೊತ್ತು. ‘ರೆಸ್ಪೆಕ್ಟೆಡ್ ಮೇಡಂ’ ಎಂದು ಶುರು ಮಾಡಿದ್ದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಅರ್ಧಕ್ಕೆ ಬಿಟ್ಟ ಕಾಲೇಜಿನ ಇಂಗ್ಲಿಷು ರಜಾ ಅರ್ಜಿಗೆ ಸಾಕಾಗುತ್ತಿತ್ತು, ನಾದಿನಿ ಕುಲಪತಿಯಾದ ಸಂತೋಷಕ್ಕೆ ಸಾಲದು. ನಿನ್ನ ಅಕ್ಕ ಇಟ್ಟ ಹೆಸರೇ ಇರಲಿ. ಸಣ್ಣಗಿದ್ದೆ, ಕಪ್ಪಗಿದ್ದೆ, ಕಚ್ಚಿದವರಿಗೆ ಗೊತ್ತಾಗುತ್ತಿತ್ತು.

ಪೇಪರಿನಲ್ಲಿ ಫೋಟೋ ನೋಡಿದೆ. ಹಿಂದೆ ಇಬ್ಬರು ಬಾಗಿಲನ್ನು ಹೊತ್ತುಕೊಂಡು ಹೋಗುತ್ತಿದ್ದಾರೆ, ಮುಂದೆ ನೀನು ಕೈಕಟ್ಟಿ ನಿಂತಿದ್ದೀಯ. ‘ಅಧಿಕಾರ ವಹಿಸಿಕೊಂಡ ದಿನವೇ ಕೋಣೆಯ ಬಾಗಿಲು ಕಳಚಿಸಿದ ಕುಲಪತಿ’ ಎಂದು ದಪ್ಪಕ್ಷರ. ಕೆಳಗಡೆ ಮನೆಯ ಓನರಮ್ಮನಿಗೆ ತೋರಿಸಿದೆ. ಕನ್ನಡಕ ಮೇಲೆ ಕೆಳಗೆ ಮಾಡಿ, “ಇದೇನ್ರೀ, ಮನೆ ಖಾಲಿ ಮಾಡಿಸೋ ಹಾಗಿದೆ” ಅಂದರು. ಆ ಹೆಂಗಸಿಗೆ ಬಾಡಿಗೆದಾರರ ಹೊರತು ಬೇರೆ ಪ್ರಪಂಚವಿಲ್ಲ.

ನಿನ್ನ ಭಾಷಣವನ್ನೂ ಹಾಕಿದ್ದರು. “ನನ್ನನ್ನು ಓದಿಸಿದ ಅಕ್ಕನ ಮನೆಯಲ್ಲಿ ನನ್ನ ಕೋಣೆಗೆ ಬಾಗಿಲಿರಲಿಲ್ಲ. ಯಾಕೆ ಎಂದು ಕೇಳಿದಾಗ ಅಕ್ಕ ಹೇಳಿದಳು, ಮುಚ್ಚಿಡೋ ಅಂಥದ್ದೇನಿದೆ ಈ ಮನೇಲಿ ಅಂತ. ಆಡಳಿತದ ಬಗ್ಗೆ ನಾನು ಕಲಿತ ಮೊದಲ ಪಾಠ ಅದು.” ಇದನ್ನು ಓದಿದಾಗ ಎದೆ ತುಂಬಿಬಂತು. ಇವಳು ಇರಬೇಕಿತ್ತು. ಗೋಡೆಯ ಮೇಲಿರುವ ನಿನ್ನ ಅಕ್ಕನ ಫೋಟೋದ ಮುಂದೆ ಪೇಪರು ಹಿಡಿದು ಎರಡು ಸಲ ಓದಿದೆ.

ಆ ಬಾಗಿಲಿನ ವಿಷಯ ಇನ್ನೂ ಸ್ವಲ್ಪ ಇದೆ. ಅದಿರಲಿ, ಮತ್ತೆ ಯಾವಾಗಲಾದರೂ. ಕಳಚಿದ ಬಾಗಿಲನ್ನು ಎಲ್ಲಿಟ್ಟೆ? ಬಿಸಿಲಿಗೆ ಇಟ್ಟರೆ ಡೊಂಕಾಗುತ್ತದೆ.

ಫೋನಿನಲ್ಲಿ ನನಗೆ ಕಿವಿ ಕೇಳಿಸದು, ಗೊತ್ತಲ್ಲ. ಕಾಗದವೇ ಬರಿ.

ನಿನ್ನ ಭಾವ
(ಮಾಜಿ ಟೈಂ ಕೀಪರ್, ಬಸ್ ನಿಲ್ದಾಣ)

*

ಸೆಪ್ಟೆಂಬರ್ ೩

ಭಾವನವರಿಗೆ,

ತಡವಾಯಿತು, ಬೈಯಬೇಡಿ. ಕೂತರೆ ಕಡತ, ಎದ್ದರೆ ಸಭೆ. ಬಾಗಿಲು ಉಗ್ರಾಣದಲ್ಲಿ ಮುರಿದ ಕುರ್ಚಿಗಳ ಹಿಂದೆ ನೆರಳಿನಲ್ಲೇ ಇದೆ. ರಿಜಿಸ್ಟ್ರಾರ್ ಮಾತ್ರ ಇನ್ನೂ ಒಗ್ಗಿಕೊಂಡಿಲ್ಲ. ಪ್ರತಿ ಸಲ ಬಂದಾಗಲೂ ಇಲ್ಲದ ಬಾಗಿಲನ್ನು ಬೆರಳಿನಿಂದ ತಟ್ಟಿ ಗಾಳಿಯಲ್ಲಿ ಕೈಯಾಡಿಸಿ ಒಳಗೆ ಬರುತ್ತಾರೆ.

ಚೌಕಟ್ಟಿನ ಹೊರಗೆ ಒಂದು ಉದ್ದ ಬೆಂಚು ಹಾಕಿಸಿದ್ದೇನೆ. ಚೀಟಿ ಇಲ್ಲ, ಅಪಾಯಿಂಟ್‌ಮೆಂಟ್ ಇಲ್ಲ. ಮೊದಲು ಬಂದವರು ಮೊದಲು, ಪ್ರೊಫೆಸರಾದರೂ ತೋಟದವರಾದರೂ. ನಾನು ಒಳಗೆ ಆಡುವುದೆಲ್ಲ ಬೆಂಚಿಗೆ ಕೇಳಬೇಕು, ಅದೇ ಉದ್ದೇಶ. ಹಿಂದಿನವರ ಕಾಲದಲ್ಲಿ ಆ ಕೋಣೆಯ ಬಾಗಿಲು ಹಾಕಿಕೊಂಡೇ ಎಷ್ಟು ಹುದ್ದೆ ಹಂಚಿದರು ಎಂದು ಊರಿಗೆಲ್ಲ ಗೊತ್ತು.

ನಿಮಗೆ ಹೇಳಲೇಬೇಕಾದ ಒಂದು ಪ್ರಸಂಗವಿದೆ. ಮೊನ್ನೆ ಮಧ್ಯಾಹ್ನ ಒಬ್ಬ ಹುಡುಗಿ ಬಂದಳು, ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವವಳು. ಚೌಕಟ್ಟಿನ ಆಚೆಯೇ ನಿಂತು ಒಳಗೂ ಹೊರಗೂ ನೋಡುತ್ತಿದ್ದಳು. ಬೆಂಚಿನ ಮೇಲೆ ಅವಳ ಗೈಡೇ ಕೂತಿದ್ದರು. ತುಂಬ ಹೆಸರಿರುವ ಪ್ರೊಫೆಸರು. ಅವರು ಸರಿದು ಜಾಗ ಬಿಟ್ಟು, “ಬಾಮ್ಮ, ಕೂತ್ಕೋ. ಮೇಡಂ ಹತ್ರ ನಿಂದೇನು ಕೆಲಸ?” ಅಂದರು. ಗೈಡು ವಿದ್ಯಾರ್ಥಿನಿಗೆ ಜಾಗ ಬಿಡುವುದನ್ನು ಈ ವಿಶ್ವವಿದ್ಯಾಲಯದಲ್ಲಿ ಯಾರಾದರೂ ಕಂಡಿದ್ದರೇ?

ಹುಡುಗಿ ಕೂರಲಿಲ್ಲ. ನಾನು ಕುರ್ಚಿಯಿಂದಲೇ ಕೂಗಿದೆ. “ಬಾರಮ್ಮ ಒಳಗೆ. ಇಲ್ಲಿ ಮುಚ್ಚಿಡೋ ಅಂಥದ್ದೇನಿಲ್ಲ. ಎಲ್ಲರ ಮುಂದೇನೇ ಹೇಳು.” ಅವಳು ಬಂದು ಮೇಜಿನ ಅಂಚು ಹಿಡಿದುಕೊಂಡು ನಿಂತಳು. ಹೆದರಿಕೆಯಿಂದ ಮಾತೇ ಹೊರಡಲಿಲ್ಲ, ಪಾಪ. ಕೊನೆಗೆ, “ಲೈಬ್ರರಿ ಭಾನುವಾರ ತೆಗೆದಿರುತ್ತಾ ಮೇಡಂ?” ಅಂದಳು.

ಇಷ್ಟು ಕೇಳಲು ಎಷ್ಟು ಧೈರ್ಯ ಕೂಡಿಸಿಕೊಂಡು ಬಂದಿರಬೇಕು. ಅಲ್ಲೇ ಆದೇಶ ಬರೆಸಿದೆ. ಈಗ ಭಾನುವಾರವೂ ಲೈಬ್ರರಿ ತೆರೆದಿರುತ್ತದೆ. ಆ ಪ್ರೊಫೆಸರು ಬೆಂಚಿನಿಂದ ಎದ್ದು, “ಆಡಳಿತ ಅಂದ್ರೆ ಇದಪ್ಪಾ” ಅಂದರು. ಸಂಸ್ಥಾಪನಾ ದಿನದ ಭಾಷಣದಲ್ಲಿ ಇದೇ ಕಥೆ ಹೇಳಿದೆ. ಚಪ್ಪಾಳೆ ನಿಲ್ಲಲಿಲ್ಲ.

ಆ ಚಪ್ಪಾಳೆ ಅಕ್ಕನದು, ಭಾವ.

ನಿಮ್ಮ
ಮೆಣಸು

*

ಸೆಪ್ಟೆಂಬರ್ ೧೨

ಮೆಣಸಿಗೆ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಕ್ಷೌರದ ಅಂಗಡಿಯಲ್ಲಿ ಹೇಳಿದೆ, ಔಷಧಿ ಅಂಗಡಿಯಲ್ಲಿ ಹೇಳಿದೆ, ನಿಲ್ದಾಣಕ್ಕೆ ಹೋಗಿ ಹಳೇ ಡ್ರೈವರುಗಳನ್ನು ಕೂರಿಸಿಕೊಂಡು ಹೇಳಿದೆ. ಹೇಳುತ್ತಾ ಹೇಳುತ್ತಾ ಆ ಹುಡುಗಿಗೆ ಎರಡು ಜಡೆ ಬಂದವು, ಕಣ್ಣಲ್ಲಿ ನೀರೂ ಬಂತು. ಕಥೆಗೆ ಅಷ್ಟಾದರೂ ಬೇಡವೇ.

ನಮ್ಮ ಡಿಪೋ ಮ್ಯಾನೇಜರ ಕೋಣೆಗೆ ಎರಡು ಬಾಗಿಲಿದ್ದವು, ನೆನಪಿದೆಯಾ? ಹೊರಗೊಂದು, ಒಳಗೆ ಬಟ್ಟೆ ಹೊದಿಸಿದ್ದು ಇನ್ನೊಂದು. ಅದರ ಹಿಂದೆ ಯಾರ ಡ್ಯೂಟಿ ಯಾರಿಗೆ ಹೋಯಿತೋ ಆ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಅಲ್ಲೇ ಮೂರು ಜನ್ಮ ಸವೆಸಿದವನು ನಾನು. ತತ್ವ, ಪ್ರಿನ್ಸಿಪಲ್ ಅಂದರೆ ಇದು. ಪ್ರಿನ್ಸಿಪಲ್ ಇರುವ ಮನುಷ್ಯನಿಗೆ ಬಾಗಿಲು ಬೇಡ ಎಂದು ಇಂಗ್ಲಿಷಿನಲ್ಲಿ ಏನೋ ಒಂದು ಹೇಳುತ್ತಾರೆ. ಹೇಳದಿದ್ದರೆ ಹೇಳಬೇಕು.

ಓನರಮ್ಮ ಮಾತ್ರ ಒಂದು ಕೊಕ್ಕೆ ಹಾಕಿದರು. “ಲೈಬ್ರರಿ ವಿಷಯ ಲೈಬ್ರರಿಯವರನ್ನೇ ಕೇಳ್ಬಹುದಿತ್ತಲ್ಲ. ಅಷ್ಟಕ್ಕೆ ಕುಲಪತಿ ಹತ್ರ ಯಾಕೆ ಹೋದ್ಲು ಹುಡುಗಿ?”

“ಕುಲಪತಿ ಅಷ್ಟು ಸಲೀಸಾಗಿ ಸಿಗ್ತಾಳೆ ಅಂತ ಹೋದ್ಲು” ಅಂದೆ.

“ಸಲೀಸಾಗಿ ಸಿಕ್ಕಿದ್ರೆ ನಡುಗೋದ್ಯಾಕೆ?”

ಮೊಸರಲ್ಲಿ ಕಲ್ಲು ಹುಡುಕುವವರಿಗೆ ಏನು ಹೇಳುವುದು. ನಲ್ಲಿ ಸೋರುತ್ತಿದೆ, ಮೊದಲು ಅದು ನೋಡಿ ಎಂದು ಬಾಯಿ ಮುಚ್ಚಿಸಿದೆ.

ನನ್ನದೇನೂ ವಿಶೇಷವಿಲ್ಲ. ಅನ್ನ ನಾನೇ ಮಾಡಿಕೊಳ್ಳುತ್ತೇನೆ, ಅದು ಒಂದು ದಿನ ಗಂಜಿ, ಒಂದು ದಿನ ಕಲ್ಲು. ಇವಳು ಕೈಯಳತೆಯಲ್ಲಿ ನೀರಿಡುತ್ತಿದ್ದಳು. ಕೈ ತೆಗೆದುಕೊಂಡು ಹೋದಳು, ಅಳತೆ ಹೇಳಿಕೊಡಲಿಲ್ಲ.

ಬಾಗಿಲು ತೆಗೆದದ್ದು ತೆಗೆದದ್ದೇ. ಯಾರು ಏನಂದರೂ ಹಾಕಿಸಬೇಡ.

ನಿನ್ನ ಭಾವ

*

ನವೆಂಬರ್ ೨೦

ಮೆಣಸಿಗೆ,

ಎರಡು ಕಾಗದ ಬರೆದೆ, ಉತ್ತರವಿಲ್ಲ. ಫಾರ್ ಯುವರ್ ಕೈಂಡ್ ಇನ್ಫರ್ಮೇಷನ್, ಇದು ಮೂರನೆಯದು. ಕಣ್ಣಿಗೆ ಪೊರೆ ಬಂದಿದೆ ಎಂದು ಬರೆದಿದ್ದೆ, ಆಪರೇಷನ್ ಯಾವಾಗ ಎಂದು ಕೇಳುತ್ತೀಯ ಅಂದುಕೊಂಡೆ. ಪರವಾಗಿಲ್ಲ, ಒಂದು ಕಣ್ಣು ಚೆನ್ನಾಗಿಯೇ ಇದೆ. ನಿನ್ನ ಫೋಟೋ ನೋಡಲು ಅಷ್ಟು ಸಾಕು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಮಾತು ನಿನ್ನ ಬಗ್ಗೆ ಅಲ್ಲ. ಸುಮ್ಮನೆ ನೆನಪಾಯಿತು, ಬರೆದೆ.

ಚೀಟಿಯಿಲ್ಲದೆ ಯಾರು ಬೇಕಾದರೂ ಬರಬಹುದು ಅಂದಿದ್ದೆ. ನನ್ನ ಕಾಗದಗಳು ಬೆಂಚಿನ ಮೇಲೆ ಕೂತಿವೆಯೋ ಏನೋ. ಸರತಿ ಬಂದಾಗ ಕರಿ.

ಭಾವ

*

ಡಿಸೆಂಬರ್ ೫

ಭಾವ,

ಒಂದೇ ಒಂದು ವಿಷಯ ಕೇಳಬೇಕು. ಬೇರೇನೂ ಬರೆಯಲು ಈಗ ಆಗುತ್ತಿಲ್ಲ.

ನಮ್ಮ ಮನೆಯಲ್ಲಿ ಅಕ್ಕ ಅಳಬೇಕು ಅನ್ನಿಸಿದಾಗ ಎಲ್ಲಿಗೆ ಹೋಗುತ್ತಿದ್ದಳು?

ಮೆಣಸು

*

ಡಿಸೆಂಬರ್ ೧೧

ಸೌ. ಕುಲಪತಿಯವರಿಗೆ,

ನಿನ್ನ ಕಾಗದವೂ ಇವತ್ತಿನ ಪೇಪರೂ ಒಟ್ಟಿಗೆ ಬಂದವು. ಯಾವುದನ್ನು ಮೊದಲು ಓದಬಾರದಿತ್ತೋ ತಿಳಿಯಲಿಲ್ಲ.

ಪೇಪರಿನಲ್ಲಿದೆ: ‘ಕುಲಪತಿ ಕೋಣೆಗೆ ಮರಳಿ ಬಾಗಿಲು. ಪಾರದರ್ಶಕತೆಗೆ ಚಿಲಕ.’ ಈ ಸಲದ ಫೋಟೋದಲ್ಲಿ ನೀನಿಲ್ಲ, ಬರೀ ಬಾಗಿಲು. ಓನರಮ್ಮ ಪೇಪರು ಮಡಚಿ ವಾಪಸು ಕೊಟ್ಟರು, ಅದೇ ನನಗೆ ಚುಚ್ಚಿತು. ಕ್ಷೌರದವನು ಅಂದ, “ಏನ್ ಸಾರ್, ನಿಮ್ಮ ನಾದಿನಿಯೂ ಒಳಗಿಂದ ಅಗುಳಿ ಹಾಕ್ಕೊಂಡ್ರಂತೆ?” ಅರ್ಧ ಗಡ್ಡದಲ್ಲಿ ಎದ್ದು ಬರಲಾಗುತ್ತದೆಯೇ. ಕೂತು ಕೇಳಿಸಿಕೊಂಡೆ.

ನಿನ್ನ ಅಕ್ಕನ ಮಾತು ಒಂದು ವರ್ಷವೂ ಬಾಳಲಿಲ್ಲವಲ್ಲ. ಕಷ್ಟಗಳಿರುತ್ತವೆ, ಒಪ್ಪಿದೆ. ಒಂದು ಸಾಲು ಬರೆದು ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಕೇಳುತ್ತೀಯ, ಅಕ್ಕ ಅಳಲು ಎಲ್ಲಿಗೆ ಹೋಗುತ್ತಿದ್ದಳು ಎಂದು. ಏನದರ ಅರ್ಥ? ನಾನು ಅವಳನ್ನು ಅಳಿಸಿದೆ ಎಂದೇ? ನನ್ನ ಮನೆಯಲ್ಲಿ ಅವಳಿಗೆ ಅಳುವ ಕಷ್ಟ ಬರಲಿಲ್ಲ. ನೀನೇ ಇದ್ದೆಯಲ್ಲ, ನೋಡಿದ್ದೀಯಲ್ಲ. ಒಂದು ದಿನ ಕಣ್ಣೊದ್ದೆಯಾದದ್ದನ್ನು ನೋಡಿದ್ದೀಯಾ?

ದಿ ಅಂಡರ್‌ಸೈನ್ಡ್,
ನಿನ್ನ ಅಕ್ಕನ ಗಂಡ

*

ಜನವರಿ ೪

ಭಾವ,

ಇಲ್ಲ. ಒಂದು ದಿನವೂ ನೋಡಿಲ್ಲ. ಅದಕ್ಕೇ ಕೇಳಿದೆ.

ನಿಮ್ಮ ಮೇಲೆ ಹೊರಿಸಲು ಕೇಳಲಿಲ್ಲ. ಹಾಗೆ ಓದಬಹುದು ಎಂದು ಹೊಳೆಯಲೇ ಇಲ್ಲ, ಕ್ಷಮಿಸಿ. ನಿಮ್ಮ ಕಣ್ಣಿನ ಕಾಗದವನ್ನೂ ಓದಿದ್ದೆ. ಉತ್ತರ ಬರೆಯಲು ಕೂತರೆ ಈ ವಿಷಯ ಬರೆಯಬೇಕಾಗುತ್ತಿತ್ತು, ಅದಕ್ಕೆ ಕೂರಲೇ ಇಲ್ಲ.

ಅಕ್ಟೋಬರಿನಲ್ಲಿ ಆ ಸಸ್ಯಶಾಸ್ತ್ರದ ಹುಡುಗಿ ಓದು ಬಿಟ್ಟು ಹೋದಳು. ನನಗೆ ಗೊತ್ತೇ ಆಗಲಿಲ್ಲ, ಯಾರೋ ಒಬ್ಬರು ಬಿಟ್ಟರೆ ಕುಲಪತಿಗೆ ತಿಳಿಯುವುದಿಲ್ಲ. ನವೆಂಬರಿನಲ್ಲಿ ಅವಳ ತಾಯಿ ಬಂದರು. ಶಾಲೆಯಲ್ಲಿ ಹೊಲಿಗೆ ಟೀಚರು. ಬೆಂಚಿನಲ್ಲಿ ತಮ್ಮ ಸರತಿ ಕಾದು, ಒಳಗೆ ಬಂದು, “ನನ್ನ ಮಗಳು ನಿಮ್ಮ ಹತ್ರ ಬಂದಿದ್ಲಂತಲ್ಲ ಮೇಡಂ. ನೀವೇನಂದ್ರಿ?” ಎಂದು ಕೇಳಿದರು.

ನಾನು ಹೆಮ್ಮೆಯಿಂದ ಹೇಳಿದೆ. “ಲೈಬ್ರರಿ ಕೇಳಿದ್ಲು. ಅವತ್ತೇ ಮಾಡಿಸಿಕೊಟ್ಟೆ.”

ಆ ತಾಯಿ ನನ್ನನ್ನೇ ನೋಡಿದರು. “ಲೈಬ್ರರಿ ಕೇಳೋಕೆ ಯಾರಾದ್ರೂ ಊಟ ಬಿಟ್ಟು, ಕನ್ನಡಿ ಮುಂದೆ ನಿಂತು ಮಾತು ಜೋಡಿಸಿಕೊಂಡು ಬರ್ತಾರಾ ಮೇಡಂ?” ಆಮೇಲೆ ಹಿಂದೆ ತಿರುಗಿದರು. ಬೆಂಚಿನಲ್ಲಿ ಐದಾರು ಜನ ಕೂತು ಕಿವಿಗೊಟ್ಟಿದ್ದರು. ದನಿ ತಗ್ಗಿಸಿ, “ಇಲ್ಲೇ ಹೇಳ್ಬೇಕಾ?” ಅಂದರು.

ಇಡೀ ವಿಶ್ವವಿದ್ಯಾಲಯದ ಒಡತಿ ನಾನು. ಒಬ್ಬ ತಾಯಿಯ ಮಾತು ಕೇಳಲು ಜಾಗ ಹುಡುಕಿಕೊಂಡು ಝೆರಾಕ್ಸ್ ಮೆಷಿನ್ನಿನ ಕೋಣೆಗೆ ಹೋದೆ. ಅಲ್ಲಿ ಬಾಗಿಲಿತ್ತು.

ಆ ಗೈಡು ಅವಳನ್ನು ತಿದ್ದುಪಡಿಯ ನೆಪದಲ್ಲಿ ಮನೆಗೆ ಕರೆಯುತ್ತಿದ್ದನಂತೆ, ಮನೆಯವರು ಇಲ್ಲದ ಹೊತ್ತಿನಲ್ಲಿ. ಹೋಗದಿದ್ದರೆ ಪ್ರಬಂಧಕ್ಕೆ ಸಹಿ ಇಲ್ಲ. ಒಂದು ಸಲ ಹೋದಳು. ಆಮೇಲೆ ನನ್ನ ಹತ್ತಿರ ಬಂದಳು. ಇಷ್ಟನ್ನೇ ನಾನು ಬರೆಯಬಲ್ಲೆ, ಭಾವ. ಅವಳು ಯಾರ ಬಗ್ಗೆ ಹೇಳಲು ಬಂದಿದ್ದಳೋ ಅವನೇ ಬೆಂಚಿನಲ್ಲಿ ಸರಿದು ಜಾಗ ಬಿಟ್ಟ. ನಾನು ಅದನ್ನು ಮೆಚ್ಚಿದೆ. ಎಲ್ಲರ ಮುಂದೇನೇ ಹೇಳು ಅಂದೆ.

ಅವನಿಗೆ ಹೊಸ ವಿದ್ಯಾರ್ಥಿಗಳನ್ನು ಕೊಡುವುದು ನಿಲ್ಲಿಸಿ ವಿಚಾರಣೆಗೆ ಕರೆದೆ. ಬಂದು ಕಾಲ ಮೇಲೆ ಕಾಲು ಹಾಕಿ ಕೂತ. “ದೂರು ಎಲ್ಲಿದೆ ಮೇಡಂ? ಅವಳು ನಿಮ್ಮ ಮುಂದೇನೇ ಬಂದಿದ್ಲು, ನಾನೇ ಜಾಗ ಬಿಟ್ಟೆ, ಅವಳು ಕೇಳಿದ್ದು ಲೈಬ್ರರಿ. ನೀವೇ ಭಾಷಣದಲ್ಲಿ ಹೇಳಿದ್ದೀರಿ.” ಅವನ ಮೊದಲ ಸಾಕ್ಷಿ ನಾನು.

ಹುಡುಗಿಯ ಬಾಯಿಂದ ಒಂದು ಹೇಳಿಕೆ ಬೇಕು. ಅದಿಲ್ಲದೆ ಅವನನ್ನು ತೆಗೆಯಲಾಗದು, ಅವನ ಕೈಕೆಳಗೆ ಇನ್ನೂ ಹುಡುಗಿಯರಿದ್ದಾರೆ. ತಾಯಿ ಹೇಳಿದರು, ಅವಳು ನನ್ನ ಹತ್ತಿರ ಬಿಟ್ಟರೆ ಬೇರೆ ಯಾರ ಹತ್ತಿರವೂ ಬಾಯಿ ಬಿಡುತ್ತಿಲ್ಲ, ಓದು ಬಿಟ್ಟದ್ದರ ಸರ್ಟಿಫಿಕೇಟ್ ತೆಗೆದುಕೊಳ್ಳಲು ಒಂದು ದಿನ ಬರಲೇಬೇಕು, ಆಗ ನೋಡಿ ಎಂದು. ಆ ದಿನಕ್ಕಾಗಿ ಬಾಗಿಲು ಹಾಕಿಸಿದೆ.

ರಿಜಿಸ್ಟ್ರಾರ್, “ಕಾರಣ ಗಾಳಿ ಅಂತ ಬರೆಯೋಣ ಮೇಡಂ, ಯಾರೂ ಏನೂ ಅನ್ನಲ್ಲ” ಅಂದರು. ಪಾಪ, ಒಳ್ಳೆಯದಕ್ಕೇ. ನಾನು ಬರೆಸಲಿಲ್ಲ. ಸಿಂಡಿಕೇಟ್ ಸಭೆಯಲ್ಲಿ ಎದ್ದು ನಿಂತು, ಬಾಗಿಲು ಕಳಚಿದ್ದು ನನ್ನ ತಪ್ಪು, ಅದರಿಂದ ಒಬ್ಬಳಿಗೆ ನ್ಯಾಯ ತಪ್ಪಿತು, ಲೈಬ್ರರಿಯ ಕಥೆ ನಾನು ತಿಳಿದಂತೆ ಇರಲಿಲ್ಲ ಎಂದು ಹೇಳಿದೆ. ಹೆಸರು ಹೇಳಲಿಲ್ಲ. ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪೇಪರಿನವರಿಗೆ ಬಾಗಿಲಷ್ಟೇ ಸಿಕ್ಕಿತು.

ಆ ತಾಯಿ ಬಂದ ದಿನದಿಂದ ಒಂದೇ ಯೋಚನೆ. ಅಕ್ಕನ ಮನೆಯಲ್ಲಿದ್ದ ಒಂದೇ ಕೋಣೆಗೆ ಬಾಗಿಲಿರಲಿಲ್ಲ. ನಾನು ಮೇಜಿಗೆ ಕೂತು ಓದುತ್ತಿದ್ದೆ, ಅವಳು ಅಡುಗೆ ಮಾಡುತ್ತಿದ್ದಳು, ನಡುವೆ ಏನೂ ಇರಲಿಲ್ಲ. ಹಾಗಾದರೆ ಅವಳಿಗೆ ಅಳಬೇಕಾದಾಗ?

ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಅದನ್ನೂ ಹೇಳಿ.

ಮೆಣಸು

*

ಜನವರಿ ೨೬

ಮೆಣಸು,

ನಿನ್ನ ಕಾಗದವನ್ನು ಓದಿ ಮಡಚಿ, ಬಿಚ್ಚಿ ಓದಿ ಮಡಚಿ, ಮಡಿಕೆಯಲ್ಲಿ ಹರಿಯಿತು. ಹಿಂದಿನ ಕಾಗದದಲ್ಲಿ ನಾನು ಆಡಿದ ಮಾತುಗಳನ್ನು ನೀನು ಇಟ್ಟುಕೊಂಡಿದ್ದರೆ ದಯವಿಟ್ಟು ಒಲೆಗೆ ಹಾಕು. ಕ್ಷೌರದ ಅಂಗಡಿಗೆ ಹೋಗಿ, ಔಷಧಿ ಅಂಗಡಿಗೆ ಹೋಗಿ, ಲೈಬ್ರರಿ ಕಥೆಯನ್ನು ವಾಪಸು ತೆಗೆದುಕೊಳ್ಳಬೇಕು ಅಂದುಕೊಂಡೆ. ಏನೆಂದು ಹೇಳುವುದು? ಬಸ್ಸು ಹೊರಟ ಮೇಲೆ ಸೀಟಿ ಊದಿದ ಹಾಗೆ. ಓನರಮ್ಮನಿಗೆ ಮಾತ್ರ, “ನೀವಂದದ್ದು ಸರಿ” ಅಂದೆ. ಯಾವುದು ಎಂದು ಅವರು ಕೇಳಲಿಲ್ಲ. ಒಂದು ಲೋಟ ಕಾಫಿ ಕೊಟ್ಟರು. ನಲ್ಲಿಯನ್ನೂ ರಿಪೇರಿ ಮಾಡಿಸಿದರು.

ಮೊದಲು ಬಾಗಿಲಿನ ವಿಷಯ. ಜೂನಿನಲ್ಲೇ ಹೇಳಬೇಕಿತ್ತು, ನಿನ್ನ ಭಾಷಣ ಕೆಡುತ್ತದೆಂದು ಬಿಟ್ಟೆ. ನಿನ್ನ ಕೋಣೆಯ ಬಾಗಿಲನ್ನು ತತ್ವಕ್ಕಾಗಿ ತೆಗೆದದ್ದಲ್ಲ. ನೀನು ನಮ್ಮ ಮನೆಗೆ ಓದಲು ಬಂದ ವರ್ಷ ಮೇಜಿರಲಿಲ್ಲ. ನಿನ್ನ ಅಕ್ಕ, “ಬಾಗಿಲಿಗೆ ನಾಲ್ಕು ಕಾಲು ಕೊಟ್ರೆ ಮೇಜಲ್ವಾ?” ಅಂದಳು. ನಾನೇ ಕಳಚಿ ಎರಡು ಟ್ರಂಕಿನ ಮೇಲಿಟ್ಟೆ. ಬೀಗದ ತೂತಿನಲ್ಲಿ ನೀನು ಪೆನ್ನು ನಿಲ್ಲಿಸುತ್ತಿದ್ದೆ, ಮರೆತೆಯಾ? ಬಾಗಿಲು ಯಾಕಿಲ್ಲ ಎಂದು ನೀನು ಕೇಳಿದಾಗ, ನಿನಗಾಗಿ ಎಂದರೆ ನೀನು ಕುಗ್ಗುತ್ತೀಯ ಎಂದು ಆ ಮಾತು ಹೇಳಿದಳು. ಮುಚ್ಚಿಡೋ ಅಂಥದ್ದೇನಿದೆ ಈ ಮನೇಲಿ. ಮುಚ್ಚಿಡಲಿಕ್ಕೇ ಹೇಳಿದ ಮಾತು ಅದು.

ನೀನು ಅದನ್ನು ಪಾಠ ಅಂದುಕೊಂಡೆ. ನಾನು ಎದುರಿಗೇ ಇದ್ದವನು, ನಾನೂ ಬರಬರುತ್ತಾ ಹಾಗೇ ನಂಬಿದೆ.

ಇನ್ನು ನಿನ್ನ ಪ್ರಶ್ನೆ. ಗೊತ್ತಿಲ್ಲ ಎಂದು ಬರೆಯಲು ಕೂತವನು ಇಷ್ಟು ದಿನ ಸುಮ್ಮನಿದ್ದೆ. ಗೊತ್ತು.

ಸರ್ಕ್ಯುಲರ್ ಬಸ್ಸಿಗೆ ಹೋಗುತ್ತಿದ್ದಳು. ಊರೆಲ್ಲ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುವ ಬಸ್ಸು. ಮಧ್ಯಾಹ್ನ ಖಾಲಿ ಇರುತ್ತಿತ್ತು. ತರಕಾರಿಗೆ ಎಂದು ನಿನಗೆ ಹೇಳಿ ಬರುತ್ತಿದ್ದಳು, ಚೀಲವೂ ಕೈಯಲ್ಲಿರುತ್ತಿತ್ತು. ನೌಕರರ ಮನೆಯವರ ಪಾಸು ಇತ್ತು. ಕೊನೆಯ ಸೀಟಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದಳು. ಒಂದು ಸುತ್ತು ಮುಗಿದ ಮೇಲೆ ಇಳಿದು, ಮುಖ ಒರೆಸಿಕೊಂಡು, ಚೀಲದಲ್ಲಿ ಏನೋ ಒಂದಿಷ್ಟು ಸೊಪ್ಪು ತುಂಬಿಕೊಂಡು ಮನೆಗೆ ಹೋಗುತ್ತಿದ್ದಳು. ಕಂಡಕ್ಟರು ಒಂದು ಸಲ ನನ್ನ ಕಿಂಡಿಗೆ ಬಂದು, “ಸಾರ್, ನಿಮ್ಮ ಮನೆಯವ್ರು...” ಅಂದ. “ಗೊತ್ತು ಬಿಡು” ಅಂದೆ. ಟೈಮು ಬರೆದುಕೊಂಡೆ. ಸೀಟಿ ಊದಿದೆ. ಬಸ್ಸು ಹೋಯಿತು.

ಕಾರಣ ಏನು ಎಂದು ಕೇಳಬೇಡ. ನಾನು ಬಸ್ಸು ಹೊರಡಿಸುವವನು, ಹತ್ತುವವನಲ್ಲ. ನನಗೆ ತಿಳಿದಿದೆ ಎಂದು ಅವಳಿಗೆ ಗೊತ್ತಾದರೆ ಆ ಜಾಗವೂ ಹೋಗುತ್ತದೆ ಎಂದು ಲೆಕ್ಕ ಹಾಕಿ ಸುಮ್ಮನಿದ್ದೆ. ಲೆಕ್ಕ ಸರಿಯೋ ತಪ್ಪೋ, ಈಗ ಯಾರನ್ನು ಕೇಳಲಿ.

ಹುಡುಗಿ ಬರುತ್ತಾಳೆ. ಬಂದರೆ ನೀನು ಮಾತಾಡಬೇಡ. ಅವಳೇ ಆಡಲಿ.

ನಿನ್ನ ಭಾವ

*

ಫೆಬ್ರವರಿ ೨೮

ಭಾವ,

ನಿಮ್ಮ ಕಾಗದ ಓದಿದ ದಿನ ಮನೆಗೆ ಬಂದು ಮೇಜನ್ನು ಮುಟ್ಟಿ ನೋಡಿದೆ. ಇದು ಅಂಗಡಿಯಲ್ಲಿ ಕೊಂಡದ್ದು, ತೂತಿಲ್ಲ. ಅಕ್ಕ ತರುತ್ತಿದ್ದ ಆ ಸೊಪ್ಪನ್ನು ನಾನೇ ಬಿಡಿಸುತ್ತಿದ್ದೆ. ಎಷ್ಟೋ ಸಲ, “ಬಾಡಿದ್ದನ್ನೇ ಆರಿಸಿ ತರ್ತೀಯಲ್ಲೇ” ಎಂದು ರೇಗಿದ್ದೇನೆ.

ಹುಡುಗಿ ನಿನ್ನೆ ಬಂದಳು. ತಾಯಿ ಹೊರಗೆ ಬೆಂಚಿನಲ್ಲಿ ಕೂತರು. ಬೆಂಚಿನಲ್ಲಿ ಬೇರೆ ಯಾರೂ ಇರದ ಹಾಗೆ ಮೊದಲೇ ನೋಡಿಕೊಂಡಿದ್ದೆ. ನಾನೇ ಎದ್ದು ಹೋಗಿ ಬಾಗಿಲು ಹಾಕಿದೆ. ಹೊಸ ಕೀಲು, ಸದ್ದಾಗಲಿಲ್ಲ. ಮೇಜಿನ ಹಿಂದೆ ಕೂರದೆ ಅವಳ ಪಕ್ಕದ ಕುರ್ಚಿಯಲ್ಲಿ ಕೂತೆ. ನೀವು ಹೇಳಿದ ಹಾಗೆ ಸುಮ್ಮನಿದ್ದೆ.

ಅವಳು ತುಂಬ ಹೊತ್ತು ಬಾಗಿಲನ್ನೇ ನೋಡಿದಳು. ಆಮೇಲೆ, “ಲೈಬ್ರರಿಗೆ ನಾನು ಒಂದು ಭಾನುವಾರಾನೂ ಹೋಗ್ಲಿಲ್ಲ ಮೇಡಂ” ಅಂದಳು. ಕ್ಷಮೆ ಕೇಳುವ ದನಿಯಲ್ಲಿ, ಭಾವ. ಅವಳು ನನ್ನಲ್ಲಿ.

“ತಪ್ಪು ನಂದಮ್ಮ” ಅಂದೆ. “ಅವತ್ತು ನಿನ್ನನ್ನ ಅಲ್ಲಿ ನಿಲ್ಲಿಸಿ ಕೇಳಬಾರದಿತ್ತು. ಈಗ ಹೇಳ್ತೀಯಾ? ಇಲ್ಲಿ ಯಾರೂ ಇಲ್ಲ. ಬೇಕಾದಷ್ಟು ಹೊತ್ತು ತಗೋ.”

“ಅವತ್ತು ಎಲ್ಲಾ ಜೋಡಿಸ್ಕೊಂಡು ಬಂದಿದ್ದೆ ಮೇಡಂ. ಎಲ್ಲಿಂದ ಶುರು ಮಾಡೋದು, ಎಲ್ಲಿ ನಿಲ್ಸೋದು, ಎಲ್ಲಾ. ಅದನ್ನ ಮರೆಯೋಕೇ ಇಷ್ಟು ದಿನ ಬೇಕಾಯ್ತು. ಈಗ ಮತ್ತೆ ಜೋಡಿಸು ಅಂತೀರಾ?”

ಅವನ ಹತ್ತಿರ ಇನ್ನೂ ಹುಡುಗಿಯರಿದ್ದಾರೆ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ. ಅದು ಅವಳ ತಲೆಯ ಮೇಲೆ ಹೊರಿಸುವ ಹೊರೆಯಲ್ಲ, ನನ್ನದು. ಸರ್ಟಿಫಿಕೇಟಿಗೆ ಸಹಿ ಮಾಡಿ ಕೊಟ್ಟೆ. ಎದ್ದು ನಿಂತು, “ಬಾಗಿಲು ತೆಗೀತೀರಾ ಮೇಡಂ?” ಅಂದಳು. ತೆಗೆದೆ. ತಾಯಿ ಎದ್ದು ಅವಳ ಮುಖ ನೋಡಿದರು, ಆಮೇಲೆ ನನ್ನ ಮುಖ.

ಅವನು ಕೋರ್ಟಿಗೆ ಹೋಗಿದ್ದಾನೆ. ದೂರಿಲ್ಲದ ಮೇಲೆ ಗೆದ್ದು ಬರಬಹುದು ಎಂದು ವಕೀಲರು ಹೇಳುತ್ತಾರೆ. ಮೌಲ್ಯದ ಮಾತಾಡಿಕೊಂಡು ಈ ಕುರ್ಚಿಗೆ ಬಂದವಳು ನಾನು. ನನ್ನ ಮೌಲ್ಯ ಎಷ್ಟು ಚಂದವಿತ್ತೆಂದರೆ ಅದರ ಆಚೆ ನಿಂತವಳು ಕಾಣಲಿಲ್ಲ.

ಬಿಟ್ಟು ಬಂದುಬಿಡಲಾ, ಭಾವ?

ಮೆಣಸು

*

ಮಾರ್ಚ್ ೧೦

ಮೆಣಸು,

ಬರಬೇಡ. ಇಲ್ಲಿಗೆ ಎಂದಲ್ಲ. ಇಲ್ಲಿಗೆ ಯಾವಾಗ ಬೇಕಾದರೂ ಬಾ, ಕಣ್ಣಿನ ಆಪರೇಷನ್ ಮುಂದಿನ ತಿಂಗಳು, ಒಂದು ಕೈ ಬೇಕು. ಕುರ್ಚಿ ಬಿಟ್ಟು ಬರಬೇಡ ಎಂದೆ. ನೀನು ಬಿಟ್ಟರೆ ಅಲ್ಲಿ ಕೂರುವವನು ಎರಡು ಬಾಗಿಲು ಹಾಕಿಸುತ್ತಾನೆ, ಒಳಗಡೆಯದಕ್ಕೆ ಬಟ್ಟೆ ಹೊದಿಸುತ್ತಾನೆ. ಆ ಗೈಡಿನ ಕೈಕೆಳಗಿನ ಹುಡುಗಿಯರಲ್ಲಿ ಒಬ್ಬಳು ಎಂದಾದರೂ ಬಂದು ಆ ಚೌಕಟ್ಟಿನಲ್ಲಿ ನಿಲ್ಲುತ್ತಾಳೆ. ಏನೋ ಸಣ್ಣದೊಂದು ಕೇಳುತ್ತಾಳೆ, ನಲ್ಲಿಯದೋ ಫ್ಯಾನಿನದೋ. ಆಗ ಅಲ್ಲಿ ಕೂತಿರುವವಳು ನೀನಾಗಿರಬೇಕು, ಒಂದು ಸಲ ತಪ್ಪಿದವಳು. ಎಕ್ಸ್‌ಪೀರಿಯೆನ್ಸ್ ಈಸ್ ಎ... ಮುಂದಿನದು ಮರೆತಿದೆ. ಒಳ್ಳೆಯ ಮಾತೇನಲ್ಲ ಅನ್ನಿಸುತ್ತದೆ.

ನಿನಗೆ ಬರೆದ ಮೇಲೆ ಮನಸ್ಸು ನಿಲ್ಲಲಿಲ್ಲ. ಮೊನ್ನೆ ಮಧ್ಯಾಹ್ನ ನಿಲ್ದಾಣಕ್ಕೆ ಹೋಗಿ ಸರ್ಕ್ಯುಲರ್ ಬಸ್ಸು ಹತ್ತಿದೆ. ಅಷ್ಟು ವರ್ಷ ಅದನ್ನು ಹೊರಡಿಸಿದ್ದೇನೆ, ಒಂದು ದಿನ ಹತ್ತಿರಲಿಲ್ಲ. ಕೊನೆಯ ಸೀಟು, ಕಿಟಕಿ ಪಕ್ಕ. ಕಂಡಕ್ಟರು ಹೊಸಬ, ನನ್ನ ಗುರುತಿಲ್ಲ.

“ಎಲ್ಲಿಗೆ ತಾತ?”

“ಇಲ್ಲಿಗೇ.”

“ಇಲ್ಲಿಗೆ ಬರೋಕೆ ಬಸ್ಸು ಯಾಕೆ? ಇಳಿದು ನಿಂತ್ಕೊಂಡಿದ್ರೆ ಆಯ್ತಲ್ಲ” ಅಂದು ನಗುತ್ತಾ ಟಿಕೆಟು ಹರಿದ.

ಅಳು ಬರಲಿಲ್ಲ, ಅದಕ್ಕೆ ಹೋಗಿದ್ದೂ ಅಲ್ಲ. ಆಸ್ಪತ್ರೆ, ಮಾರುಕಟ್ಟೆ, ನೀನು ಓದಿದ ಕಾಲೇಜು, ಸೇತುವೆ, ಒಂದೊಂದೇ ಬಂದು ಹೋದವು. ಸೀಟು ಕುಲುಕುತ್ತದೆ, ಎಂಜಿನ್ನು ಅಷ್ಟು ಸದ್ದು ಮಾಡುತ್ತದೆ. ಅಲ್ಲಿ ಕೂತು ಗಟ್ಟಿಯಾಗಿ ಅತ್ತರೂ ಯಾರಿಗೂ ಕೇಳಿಸುವುದಿಲ್ಲ. ಒಳ್ಳೆಯ ಜಾಗವನ್ನೇ ಹುಡುಕಿಕೊಂಡಿದ್ದಳು.

ಆದರೆ ಒಂದು ವಿಷಯ ನನಗೆ ಗೊತ್ತಿರಲಿಲ್ಲ. ಅವಳು ನನ್ನನ್ನು ನೋಡುತ್ತಿರಲಿಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಬಸ್ಸು ಹೊರಡುವ ಮುಂಚೆ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆಯಲ್ಲ, ಆಗ ಆ ಕೊನೆಯ ಸೀಟಿನ ಕಿಟಕಿಗೆ ಟೈಂ ಕೀಪರನ ಕಿಂಡಿ ನೇರ ಎದುರಿಗೆ ಬರುತ್ತದೆ. ಒಳಗೆ ಕೂತಿರುವವನು ಪೂರ್ತಿ ಕಾಣುತ್ತಾನೆ.

ಮೊನ್ನೆ ಅಲ್ಲಿದ್ದವನು ಯಾರೋ ಹೊಸ ಹುಡುಗ. ಬಸ್ಸು ಹೊರಡುವ ತನಕ ನೋಡಿದೆ. ಆಗ ನಾನಿದ್ದ ಹಾಗೇ ತಲೆ ತಗ್ಗಿಸಿ ಟೈಮು ಬರೆಯುತ್ತಿದ್ದ.

ನಿನ್ನ ಭಾವ